ಪರ ಊರಿನಲ್ಲಿ ಶನಿವಾರದ ಭಜನೆ: ಶುರು ಮಾಡುವುದು ಹೇಗೆ, ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ

ಶನಿವಾರ ಸಂಜೆ ಏಳು ಗಂಟೆಗೆ ನಿಮ್ಮ ಕೈ ತನ್ನಷ್ಟಕ್ಕೇ ತೊಡೆ ಮೇಲೆ ತಾಳ ಹಾಕುತ್ತದೆ ಅಂತಾದರೆ ಇದನ್ನು ಓದಿ. ಹಾಗೇನೂ ಇಲ್ಲದಿದ್ದರೂ ಓದಿ, ಅವಲಕ್ಕಿ ಪಂಚಕಜ್ಜಾಯ ಮಾಡುವ ಕ್ರಮವಾದರೂ ಸಿಗುತ್ತದೆ.

ನಾನು ಕುಂಬಳೆ ಕಡೆಯವನು. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಬಂದು ಒಂಬತ್ತು ವರ್ಷ ಆಯಿತು. ಕಾಸರಗೋಡು, ಮಂಜೇಶ್ವರ ಕಡೆ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮಲ್ಲಿ ದೇವಸ್ಥಾನ ಬೇರೆ, ಭಜನಾ ಮಂದಿರ ಬೇರೆ. ದೇವಸ್ಥಾನಕ್ಕೆ ಹಬ್ಬಕ್ಕೋ ಹರಕೆಗೋ ಹೋಗುತ್ತೇವೆ. ಮಂದಿರಕ್ಕೆ ವಾರ ವಾರ. ಗೋಡೆಯಲ್ಲಿ ದೇವರ ಪಟ, ಎದುರಿಗೆ ಕಾಲುದೀಪ, ಒಂದು ಹಳೇ ಹಾರ್ಮೋನಿಯಂ, ಡಬ್ಬಿ ತುಂಬ ತಾಳ. ಅಲ್ಲಿ ನಿಮ್ಮನ್ನು ಯಾರೂ ಭಕ್ತರು ಅಂತ ಕರೆಯುವುದಿಲ್ಲ. "ಏ, ಆ ಚಾಪೆ ಹಾಸು", "ದೀಪಕ್ಕೆ ಎಣ್ಣೆ ನೋಡು", "ಹೋದ ವಾರ ಎಲ್ಲಿ ಹಾಳಾಗಿ ಹೋಗಿದ್ದೆ ಮಾರಾಯ?" ಅಷ್ಟೇ.

ಹೊಸೂರಿಗೆ ಬಂದ ಮೊದಲ ಎರಡು ವರ್ಷ, ಮಂದಿರ ಇಲ್ಲದ ಖಾಲಿತನಕ್ಕೆ ನಾನು ಮಾಡಿದ್ದು ತಪ್ಪು ಚಿಕಿತ್ಸೆ. ರಜೆ ಸಿಕ್ಕಿದಾಗೆಲ್ಲ ಯಾವುದಾದರೂ ದೊಡ್ಡ ದೇವಸ್ಥಾನಕ್ಕೆ ಬಸ್ ಹತ್ತುವುದು, ಎರಡು ಗಂಟೆ ಕ್ಯೂ ನಿಲ್ಲುವುದು, ಎರಡು ಸೆಕೆಂಡ್ ದರ್ಶನ, ವಾಪಸ್. ದೇವರು ಕಂಡ, ಆದರೆ ಆ ಖಾಲಿತನ ಹಾಗೇ ಇತ್ತು. ಒಂದು ದಿನ ಬಸ್ಸಿನಲ್ಲಿ ಕೂತು ಯೋಚಿಸುವಾಗ ಹೊಳೆಯಿತು. ನನಗೆ ಬೇಕಿದ್ದದ್ದು ದರ್ಶನ ಅಲ್ಲ, ಕೆಲಸ. ನಮ್ಮ ಮಂದಿರದಲ್ಲಿ ಹತ್ತು ವರ್ಷದ ಹುಡುಗ ಆಗಿದ್ದಾಗಿನಿಂದ ನನ್ನದೊಂದು ಕೆಲಸ ಇತ್ತು: ಮಂಗಳ ಹಾಡುವ ಸ್ವಲ್ಪ ಮೊದಲು ಹಿಂದಿನ ಬಾಗಿಲಲ್ಲಿ ಕೂತು ಪ್ರಸಾದಕ್ಕೆ ಬಾಳೆಲೆ ಹರಿದು ತುಂಡು ಮಾಡಿ ಒರೆಸಿ ಇಡುವುದು. ಇಲ್ಲಿ ಯಾರಿಗೂ ನನ್ನಿಂದ ಬಾಳೆಲೆ ಬೇಕಾಗಿರಲಿಲ್ಲ.

ಹಾಗಾಗಿ ಮೊದಲು ಒಂದು ಚೀಟಿ ತೆಗೆದುಕೊಳ್ಳಿ. ಊರಿನಲ್ಲಿ ಯಾವ ದೇವರಿಗೆ ಹೋಗುತ್ತಿದ್ದಿರಿ ಅಂತ ಬರೆಯಬೇಡಿ, ಅಲ್ಲಿ ನೀವು ಏನು ಮಾಡುತ್ತಿದ್ದಿರಿ ಅಂತ ಬರೆಯಿರಿ. ತಾಳ ಹಾಕುತ್ತಿದ್ದಿರಾ, ಸುಮ್ನೆ ಹಿಂದೆ ಕೂತು ಎರಡನೇ ಸಾಲು ಹೇಳುತ್ತಿದ್ದಿರಾ, ಊಟಕ್ಕೆ ಉಪ್ಪು ಉಪ್ಪಿನಕಾಯಿ ಬಡಿಸುತ್ತಿದ್ದಿರಾ, ಚಪ್ಪಲಿ ಕಾಯುತ್ತಿದ್ದಿರಾ. ಎಲ್ಲವೂ ಕೆಲಸವೇ. ಆ ಕೆಲಸ ಇಲ್ಲಿ ಎಲ್ಲಿ ಸಿಗುತ್ತದೆ ಅಂತ ಹುಡುಕುವುದು ಮುಂದಿನದ್ದು.

ನಿಮ್ಮದೇ ಭಜನೆ ಶುರು ಮಾಡುವ ಮೊದಲು ಆರು ತಿಂಗಳು ಸ್ಥಳೀಯರ ಜೊತೆ ಕೂತು ನೋಡಿ. ಇದನ್ನು ಬಿಡಬೇಡಿ. ತಮಿಳುನಾಡಿನಲ್ಲಿ ಇರುವವರಿಗೆ ನಾನು ಹೇಳುವ ಅತಿ ಸುಲಭದ ದಾರಿ ಪ್ರದೋಷ. ತಿಂಗಳಿಗೆ ಎರಡು ಸಲ, ತ್ರಯೋದಶಿ ದಿನ, ಸಂಜೆ ನಾಲ್ಕೂವರೆಯಿಂದ ಆರರ ಹೊತ್ತಿಗೆ ಎಲ್ಲ ಶಿವ ದೇವಸ್ಥಾನದಲ್ಲೂ ಜನ ಸೇರುತ್ತಾರೆ. ಊರಿನಲ್ಲಿ ನಮಗೆ ಇದರ ಅಭ್ಯಾಸ ಅಷ್ಟಿಲ್ಲ, ಇಲ್ಲಿ ಇದು ದೊಡ್ಡ ಸಂಗತಿ. ನಂದಿಗೆ ಅಭಿಷೇಕ ಆಗುತ್ತದೆ, ಆಮೇಲೆ ಉತ್ಸವ ಮೂರ್ತಿಯನ್ನು ಹೊತ್ತು ಪ್ರಾಕಾರದಲ್ಲಿ ಮೂರು ಸುತ್ತು ಬರುತ್ತಾರೆ, ಜನ ಹಿಂದೆ ಹಾಡುತ್ತಾ ನಡೆಯುತ್ತಾರೆ. ಯಾರ ಪರಿಚಯವೂ ಬೇಡ, ತಮಿಳು ಬರಬೇಕಾಗಿಲ್ಲ, ಹಿಂದೆ ನಡೆದರೆ ಸಾಕು. ನಾನು ಇಲ್ಲಿನ ಬೆಟ್ಟದ ಮೇಲಿನ ಚಂದ್ರಚೂಡೇಶ್ವರನಲ್ಲಿಗೆ ಹೋಗತೊಡಗಿದೆ. ನಾಲ್ಕನೇ ಪ್ರದೋಷಕ್ಕೆ ಒಬ್ಬ ಅಜ್ಜಿ ಏನೂ ಹೇಳದೆ ಹಾಲಿನ ತಂಬಿಗೆ ನನ್ನ ಕೈಗೆ ಕೊಟ್ಟು ಮುಂದೆ ದಾಟಿಸು ಅಂತ ಕಣ್ಣಲ್ಲೇ ಹೇಳಿದರು. ಒಂಬತ್ತು ವರ್ಷದಲ್ಲಿ ನನಗೆ ಇಲ್ಲಿ ಸಿಕ್ಕಿದ ಮೊದಲ ಕೆಲಸ ಅದು.

ಇನ್ನೊಂದು ಹೊತ್ತು ಧನುರ್ಮಾಸ. ಡಿಸೆಂಬರ್ 16ರ ಸುಮಾರಿಗೆ ಶುರುವಾಗಿ ಮಕರ ಸಂಕ್ರಮಣಕ್ಕೆ ಮುಗಿಯುತ್ತದೆ. ಊರಿನಲ್ಲಿ ನಾವು ಧನುಪೂಜೆ ಅಂತ ನಸುಕಿಗೆ ಚಳಿಯಲ್ಲಿ ಸ್ನಾನ ಮಾಡಿ ಓಡುತ್ತಿದ್ದೆವಲ್ಲ, ಅದೇ ತಿಂಗಳು ಇಲ್ಲಿ ಮಾರ್ಗಳಿ. ಅದೇ ಕತ್ತಲೆ, ಅದೇ ಚಳಿ (ಹೊಸೂರಿನದು ಇನ್ನೂ ಜಾಸ್ತಿ, ಸ್ವೆಟರ್ ಬೇಕು), ಬೀದಿಯಲ್ಲಿ ರಂಗೋಲಿ, ಗುಂಪಾಗಿ ಹಾಡುತ್ತಾ ನಡೆಯುವ ಜನ. ಹಾಡು ತಮಿಳಿನದ್ದು, ಅರ್ಥ ಆಗುವುದಿಲ್ಲ, ಆದರೆ ನಸುಕಿನ ಐದು ಗಂಟೆಗೆ ಹತ್ತು ಜನ ಒಟ್ಟಿಗೆ ಬಾಯಿ ತೆರೆದಾಗ ಬರುವ ಆ ಹೊಗೆಯಂಥ ಉಸಿರು ಎಲ್ಲ ಭಾಷೆಯಲ್ಲೂ ಒಂದೇ ಥರ.

ಕೆಲಸ ಕೇಳುವಾಗ ಒಂದು ಮಾತು. "ಏನಾದರೂ ಸೇವೆ ಇದ್ದರೆ ಹೇಳಿ" ಅನ್ನಬೇಡಿ. ಎಲ್ಲರೂ ಹಾಗೇ ಹೇಳುತ್ತಾರೆ, ಯಾರೂ ಹೇಳಿ ಕಳಿಸುವುದಿಲ್ಲ. "ಮುಂದಿನ ಅನ್ನದಾನಕ್ಕೆ ನಾನು ನೀರು ಬಡಿಸುತ್ತೇನೆ, ಎಷ್ಟು ಗಂಟೆಗೆ ಬರಲಿ?" ಅಂತ ಕೇಳಿ. ಗಂಟೆ ಕೇಳಿದವನಿಗೆ ಕೆಲಸ ಸಿಗುತ್ತದೆ.

ಇದು ಹಿಂದೂಗಳಿಗೆ ಮಾತ್ರ ಅಂತಲ್ಲ. ಬೇಳದ ಚರ್ಚಿನ ಕಡೆಯ ಒಬ್ಬ ಸಹೋದ್ಯೋಗಿ ಇದ್ದಾರೆ, ಮನೆಮಾತು ಕೊಂಕಣಿ, ಇಲ್ಲಿ ಅವರಿಗೆ ಚರ್ಚಿನಲ್ಲಿ ಸಿಗುವುದು ತಮಿಳು ಪೂಜೆ. ಭಾನುವಾರಗಳನ್ನು ಹೇಗೋ ಕಳೆಯುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮೇರಿ ಮಾತೆ ಹುಟ್ಟಿದ ದಿನದ ಹಬ್ಬ, ಬಂದಾಗ ಮಾತ್ರ ಮುಖ ಸಣ್ಣದಾಗುತ್ತದೆ. ಊರಿನಲ್ಲಿ ಮಕ್ಕಳು ಒಂಬತ್ತು ದಿನ ಹೂವು ಕೊಯ್ದುಕೊಂಡು ಹೋಗುತ್ತಾರೆ, ಹೊಸ ಭತ್ತದ ತೆನೆ ಆಶೀರ್ವಾದ ಆಗಿ ಮನೆಗೆ ಬರುತ್ತದೆ. ಅವರು ಕಂಡುಕೊಂಡ ದಾರಿ: ತೆನೆಯ ಎರಡು ಕಡ್ಡಿ ತರಿಸಿಕೊಂಡು, ಮಂಗಳೂರು ಕಡೆಯ ಇನ್ನೂ ಎರಡು ಮನೆಯವರನ್ನು ಕರೆದು, ಪಾಯಸಕ್ಕೆ ಆ ಹೊಸ ಅಕ್ಕಿ ಹಾಕಿ ಒಟ್ಟಿಗೆ ಊಟ. ಎಲೆಯಲ್ಲಿ ಪೂರ್ತಿ ಸಸ್ಯಾಹಾರ. ನಾನೂ ಹೋಗಿ ಉಂಡಿದ್ದೇನೆ.

ಈಗ ನಿಮ್ಮದೇ ಭಜನೆಯ ವಿಷಯ.

ಜನ ಎಷ್ಟು ಬೇಕು? ನಾಲ್ಕು. ಒಬ್ಬರು ಹೇಳಿಕೊಡಲು, ಇಬ್ಬರು ತಿರುಗಿ ಹೇಳಲು, ಒಬ್ಬರು ಕೆಮ್ಮಿದರೆ ತುಂಬಲು. ಹುಡುಕುವುದು ಎಲ್ಲಿ ಅಂದರೆ, ಪಾರ್ಕಿಂಗಿನಲ್ಲಿ. ನಮ್ಮ ಫ್ಯಾಕ್ಟರಿಯ ಬೈಕ್ ಸ್ಟ್ಯಾಂಡಿನಲ್ಲಿ ಕೆಎಲ್ 14 ನಂಬರಿನ ಒಂದು ಬೈಕ್ ಕಂಡಿತು. ಕಾಸರಗೋಡಿನ ನಂಬರ್ ಅಲ್ವಾ. ಶಿಫ್ಟ್ ಬಿಡುವವರೆಗೆ ಅದರ ಪಕ್ಕ ಕಾದು ನಿಂತೆ, ಕಳ್ಳ ಅಂದುಕೊಂಡರೂ ಪರವಾಗಿಲ್ಲ ಅಂತ. ಬಂದವರು ಬದಿಯಡ್ಕದವರು. ಅವರ ಮೂಲಕ ಕಾಸರಗೋಡು ಜಿಲ್ಲೆಯದೇ ಹೊಸದುರ್ಗದ ಒಬ್ಬರು. ಇನ್ನೊಂದು ಮನೆ ತಳಿ ಕಡೆಯ ಕನ್ನಡದವರದ್ದು, ತಲೆತಲಾಂತರದಿಂದ ಇಲ್ಲಿನವರೇ. ಹೊಸೂರು, ಡೆಂಕಣಿಕೋಟೆ ಸುತ್ತ ಮನೆಯಲ್ಲಿ ಕನ್ನಡ ಆಡುವವರು ತುಂಬ ಇದ್ದಾರೆ, ನಾವು ಹೊರಗಿನಿಂದ ಬಂದವರು ಅದನ್ನು ಗಮನಿಸುವುದೇ ಇಲ್ಲ.

ದಿನ ಮತ್ತು ಗಂಟೆ ನಿಶ್ಚಯ ಮಾಡಿ, ಮತ್ತೆ ಅದನ್ನು ಮುಟ್ಟಬೇಡಿ. ಶಿಫ್ಟ್ ಇರುವ ಊರಿನಲ್ಲಿ ಎಲ್ಲರಿಗೂ ಅನುಕೂಲ ಆಗುವ ದಿನ ಅಂತ ಒಂದು ಇಲ್ಲವೇ ಇಲ್ಲ. ನಾವು ಎರಡು ತಿಂಗಳು ಎಲ್ಲರ ಅನುಕೂಲ ಕೇಳುತ್ತಾ ದಿನ ಬದಲಿಸಿದೆವು, ಭಜನೆ ಆದದ್ದು ಮೂರು ಸಲ. ಆಮೇಲೆ ಶನಿವಾರ ಏಳರಿಂದ ಏಳು ಐವತ್ತು, ಬಂದವರು ಬರಲಿ ಅಂದೆವು, ಅದು ನೆಲೆಯೂರಿತು. ಸಂಕ್ರಮಣಕ್ಕೆ ಮಾಡೋಣ ಅಂತ ಕೆಲವರು ಹೇಳುತ್ತಾರೆ. ಕೇಳಲು ಚಂದ, ಆದರೆ ಸಂಕ್ರಮಣ ಯಾವ ವಾರ ಬರುತ್ತದೆ ಅಂತ ಪ್ರತಿ ತಿಂಗಳೂ ಪಂಚಾಂಗ ನೋಡಬೇಕು. ವಾರದ ಅಭ್ಯಾಸ ಮೈಗೆ ಹತ್ತುತ್ತದೆ, ತಿಂಗಳದ್ದು ಹತ್ತುವುದಿಲ್ಲ. ವಾಟ್ಸಾಪ್‌ನಲ್ಲಿ "ಇವತ್ತು ಇದೆಯಾ?" ಅಂತ ಕೇಳುವುದನ್ನು ನಮ್ಮಲ್ಲಿ ನಿಲ್ಲಿಸಿದ್ದೇವೆ. ಊರಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಮಳೆಯ ಒಂದು ಶನಿವಾರ ಇಬ್ಬರೇ ಇದ್ದೆವು, ಮೂರು ಹಾಡು ಹೇಳಿ ಮಂಗಳ ಹಾಡಿ ಎದ್ದೆವು. ಅದೂ ಲೆಕ್ಕಕ್ಕೆ ಸೇರಿತು.

ಬಾಡಿಗೆ ಮನೆ ಆದರೆ ಮಾಲೀಕರಿಗೆ ಮೊದಲೇ ಹೇಳಿ, ಹೇಳುವಾಗಲೇ ಕರೆಯಿರಿ. ನಾನು ಹೆದರಿಕೊಂಡು ಬಾಗಿಲು ಕಿಟಕಿ ಎಲ್ಲ ಹಾಕಿ ಶುರು ಮಾಡಿದ್ದೆ. ಎರಡನೇ ವಾರ ಕೆಳಗಿನಿಂದ ಯಜಮಾನರು ಮೇಲೆ ಬಂದರು. "ಏನಪ್ಪಾ, ಕಳ್ಳತನ ಮಾಡೋರ ಥರ ಬಾಗ್ಲು ಹಾಕ್ಕೊಂಡು ದೇವ್ರ ಪದ ಹೇಳ್ತೀರಾ? ತೆಗೀರಿ, ನಮ್ಗೂ ಕೇಳ್ಲಿ" ಅಂದರು. ನನ್ನ ಪುಣ್ಯ. ಎಲ್ಲರಿಗೂ ಇಂಥ ಮಾಲೀಕರು ಸಿಗುವುದಿಲ್ಲ, ಆದ್ದರಿಂದ ಮೈಕ್ ಬೇಡವೇ ಬೇಡ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯದ ನಿಯಮವೇ ಇದೆ. ನಮ್ಮದು ಎಂಟರ ಒಳಗೆ ಮುಗಿಯುತ್ತದೆ, ಆದರೂ ಪಕ್ಕದ ಮನೆಯ ಹತ್ತನೇ ಕ್ಲಾಸಿನ ಮಗುವಿಗೆ ನಿಯಮ ಬೇಕಾಗಿಲ್ಲ, ಓದಲು ಬಿಟ್ಟರೆ ಸಾಕು. ನೆನಪಿರಲಿ, ಹಾಡಿಗಿಂತ ತಾಳದ ಸದ್ದು ದೂರ ಹೋಗುತ್ತದೆ. ಪರೀಕ್ಷೆಯ ತಿಂಗಳಲ್ಲಿ ದಾರ ಹಿಡಿದು ಬಡಿಯುವ ಬದಲು ತಾಳದ ಬೆನ್ನನ್ನೇ ಅಂಗೈಯಲ್ಲಿ ಮುಚ್ಚಿ ಹಿಡಿದು ಬಡಿಯಿರಿ. ನಾದ ಅಲ್ಲೇ ಸಾಯುತ್ತದೆ, ಲಯ ಉಳಿಯುತ್ತದೆ.

ಹಾರ್ಮೋನಿಯಂ ಈಗಲೇ ತೆಗೆದುಕೊಳ್ಳಬೇಡಿ. ಉತ್ಸಾಹದಲ್ಲಿ ತಂದ ಹಾರ್ಮೋನಿಯಂ ಮೇಲೆ ಬಟ್ಟೆ ಒಣಗಿಸಿದ ಮನೆ ನಾನು ನೋಡಿದ್ದೇನೆ. ಎರಡು ಜೊತೆ ತಾಳ, ಶ್ರುತಿಗೆ ಮೊಬೈಲಿನಲ್ಲಿ ತಂಬೂರಿ ಆ್ಯಪ್ ಸಾಕು. ಶ್ರುತಿ ನಿಮಗೆ ಹಿತ ಅನಿಸುವುದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಡಿ. ಗುಂಪಿನಲ್ಲಿ ಹಾಡುವಾಗ ಉಮೇದಿಗೆ ಸ್ವರ ಏರುತ್ತದೆ, ಕೊನೆಯ ಹಾಡಿಗೆ ಗಂಟಲು ಹರಿಯುತ್ತದೆ.

ಕ್ರಮ ನಿಮಗೆ ಗೊತ್ತೇ ಇದೆ: ಗಣಪತಿ ಮೊದಲು, ಕೊನೆಗೆ ಮಂಗಳ, ನಡುವೆ ಶಾರದೆ, ಕೃಷ್ಣ, ಶಿವ, ದೇವಿ, ಹನುಮಂತ ಯಾರು ಬೇಕಾದರೂ ಬರಲಿ. ಒಂದು ಹಾಡಿಗೆ ಐದು ನಿಮಿಷ ಅಂದರೆ ಎಂಟು ಹಾಡು ಹಿಡಿಯುತ್ತದೆ. ಸಾಲು ಚಿಕ್ಕದಿರುವ ಪದ ಆರಿಸಿ. ಒಬ್ಬರು ಹೇಳಿದ್ದನ್ನು ಉಳಿದವರು ತಿರುಗಿ ಹೇಳುವುದೇ ಭಜನೆ, ಸಾಲು ಉದ್ದವಾದರೆ ಹೊಸಬರು ಅರ್ಧಕ್ಕೆ ಬಾಯಿ ಮುಚ್ಚುತ್ತಾರೆ. ಇನ್ನೊಂದು ಖಾರದ ಮಾತು, ಬೇಜಾರು ಮಾಡಿಕೊಳ್ಳಬೇಡಿ: ಭಜನೆ ಹಾಳಾಗುವುದು ಚೆನ್ನಾಗಿ ಹಾಡುವವರಿಂದ. ಅವರು ಆಲಾಪನೆ ಎಳೆಯುತ್ತಾರೆ, ಒಂದೇ ಸಾಲನ್ನು ಬೇರೆ ಬೇರೆ ಥರ ತಿರುಗಿಸಿ ಸಂಗತಿ ಹಾಕುತ್ತಾರೆ, ಉಳಿದವರು ಪ್ರೇಕ್ಷಕರಾಗಿ ಕೈಕಟ್ಟಿ ಕೂರುತ್ತಾರೆ. ಅಂಥವರಿಗೆ ವಾರಕ್ಕೆ ಒಂದೇ ಹಾಡು ಕೊಡಿ. ಬೇಸುರದವರಿಗೂ ಒಂದು ಕೊಡಿ.

ಹಾಡಿನ ಪುಸ್ತಕದ ವಿಷಯದಲ್ಲಿ ಗಡಿಯವರಿಗೆ ಒಂದು ವಿಶೇಷ ತಾಪತ್ರಯ ಇದೆ. ನಮ್ಮ ಗುಂಪಿನಲ್ಲಿ ಕನ್ನಡ ಎಲ್ಲರಿಗೂ ಬರುತ್ತದೆ, ಕನ್ನಡ ಅಕ್ಷರ ಎಲ್ಲರಿಗೂ ಬರುವುದಿಲ್ಲ. ಹೊಸದುರ್ಗದವರು ಮಲಯಾಳ ಮೀಡಿಯಂ, ಪದಗಳನ್ನೆಲ್ಲ ಮಲಯಾಳ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ತಳಿ ಕಡೆಯ ಅಕ್ಕ ಓದಿದ್ದು ತಮಿಳು ಶಾಲೆಯಲ್ಲಿ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ ಮತ್ತು ಬ ಕೂಡ ಹಾಗೇ. ಅವರ ನೋಟ್‌ಬುಕ್ಕಿನಲ್ಲಿ ಗಣಪತಿಯೂ "ಕಣಪತಿ"ಯೇ. ಒಂದು ಸಲ ಪುಸ್ತಕ ಅದಲುಬದಲಾಗಿ ಅದು ಹೊಸದಾಗಿ ಸೇರಿದ್ದ ತಮಿಳು ಹುಡುಗನ ಕೈಗೆ ಸಿಕ್ಕಿ, ಅವನು ಬರೆದಂತೆಯೇ ಓದಿದ, ನಾವು ಹಾಡು ನಿಲ್ಲಿಸಿ ನಗಬೇಕಾಯಿತು. ಅಕ್ಕ ಓದಿದರೆ ಮಾತ್ರ ಎಲ್ಲ ಸರಿಯಾಗಿ ಬರುತ್ತದೆ, ಪದ ಅವರ ಕಿವಿಯಲ್ಲಿದೆ, ಪುಸ್ತಕ ಬರೀ ನೆಪ. ಆದ್ದರಿಂದ "ಕನ್ನಡದಲ್ಲೇ ಓದಿ" ಅಂತ ಹಠ ಹಿಡಿಯಬೇಡಿ. ಯಾವ ಲಿಪಿಯಲ್ಲಾದರೂ ಬರೆದುಕೊಳ್ಳಲಿ, ದೊಡ್ಡ ಅಕ್ಷರದಲ್ಲಿ ಬರೆಯಲಿ. ಮಕ್ಕಳಿಗೆ ಪುಸ್ತಕವೇ ಕೊಡಬೇಡಿ, ಪಲ್ಲವಿ ಮಾತ್ರ ಹೇಳಲಿ. ಮೂರನೇ ವಾರಕ್ಕೆ ಚರಣವೂ ಬರುತ್ತದೆ.

ಪ್ರಸಾದ. ಹತ್ತು ಜನಕ್ಕೆ ಅರ್ಧ ಕಿಲೋ ತೆಳು ಅವಲಕ್ಕಿ, ಕಾಲು ಕಿಲೋ ಬೆಲ್ಲ, ಒಂದು ದೊಡ್ಡ ತೆಂಗಿನಕಾಯಿ, ಎರಡು ಚಮಚ ಹುರಿದ ಎಳ್ಳು, ನಾಲ್ಕು ಏಲಕ್ಕಿ, ಒಂದು ಚಮಚ ತುಪ್ಪ. ಅಂಗಡಿಯಲ್ಲಿ ತಮಿಳರ ಹತ್ತಿರ ಅವಲ್ ಅನ್ನಿ, ತೆಲುಗಿನವರ ಹತ್ತಿರ ಅಟುಕುಲು ಅನ್ನಿ. ಊರಿನ ಮಲಯಾಳದಲ್ಲಿ ಅವಿಲ್ ಅಂದರೂ ಅವರಿಗೆ ಅರ್ಥ ಆಗುತ್ತದೆ. "ತೆಳ್ಳಗಿನದು" ಅಂತ ಎರಡು ಸಲ ಹೇಳಿ, ದಪ್ಪ ಅವಲಕ್ಕಿ ಹೀಗೆ ತಿನ್ನಲು ಆಗುವುದಿಲ್ಲ. ಬೆಲ್ಲ ಪುಡಿ ಮಾಡಿ ಕಾಯಿತುರಿಗೆ ಹಾಕಿ ಕೈಯಲ್ಲೇ ಚೆನ್ನಾಗಿ ಹಿಸುಕಿ. ಚಮಚದಲ್ಲಿ ಕಲಸಿದರೆ ಆಗದು. ಬೆಲ್ಲ ಕರಗಿ ಕಾಯಿಯ ಹಾಲು ಬಿಟ್ಟು ಕೈ ಅಂಟಂಟು ಆಗಬೇಕು. ಏಲಕ್ಕಿ, ಎಳ್ಳು, ತುಪ್ಪ ಹಾಕಿಟ್ಟು ಭಜನೆಗೆ ಕೂರಿ. ಅವಲಕ್ಕಿಯನ್ನು ಸೇರಿಸುವುದು ಮಂಗಳಕ್ಕೆ ಮೊದಲಿನ ಹಾಡಿನಲ್ಲಿ, ಯಾರಾದರೂ ಒಬ್ಬರು ಮೆಲ್ಲ ಎದ್ದು ಹೋಗಿ. ಮೊದಲೇ ಸೇರಿಸಿಟ್ಟರೆ ಮುದ್ದೆಯಾಗುತ್ತದೆ, ಮಂಗಳ ಮುಗಿದ ಮೇಲೆ ಸೇರಿಸಲು ಹೋದರೆ ಮಕ್ಕಳು ಅಡುಗೆ ಮನೆಗೆ ನುಗ್ಗುತ್ತಾರೆ.

ಸಮಿತಿ ಮಾಡಬೇಡಿ. ಅಧ್ಯಕ್ಷ, ಕಾರ್ಯದರ್ಶಿ, ವಂತಿಗೆ ಪುಸ್ತಕ ಯಾವುದೂ ಬೇಡ. ನಮ್ಮೂರಿನವರಿಗೆ ಇದರ ಚಟ ಇದೆ, ಒಂದು ಆಮಂತ್ರಣ ಪತ್ರಿಕೆಯಲ್ಲಿ ಅರವತ್ತು ಹೆಸರು ಹಾಕಿ ಅರವತ್ತೊಂದನೆಯವರ ಸಿಟ್ಟಿಗೆ ಗುರಿಯಾಗುವವರು ನಾವು. ಪ್ರಸಾದ, ಹೂವು, ಎಣ್ಣೆ ಸರದಿಯ ಮನೆಯವರದ್ದು. ಮುಗಿಯಿತು.

ಮೊಬೈಲಿನಲ್ಲಿ ಊರಿನ ಭಜನೆಗೆ ಸೇರುವ ಬಗ್ಗೆ ತುಂಬ ಜನ ಕೇಳುತ್ತಾರೆ. ಏಕಾಹ ಭಜನೆಯ (ಒಂದಿಡೀ ದಿನ ನಿಲ್ಲಿಸದೆ ಹಾಡುವ ಭಜನೆ) ದಿನ ನಾನೂ ವಿಡಿಯೊ ಕಾಲ್ ಮಾಡುತ್ತೇನೆ. ಆದರೆ ಎರಡೂ ಕಡೆಯವರು ಒಟ್ಟಿಗೆ ಹಾಡಲು ಆಗುವುದೇ ಇಲ್ಲ. ಧ್ವನಿ ಹೋಗಿ ಬರಲು ಅರ್ಧ ಸೆಕೆಂಡ್ ತಡವಾದರೂ ತಾಳ ಚೆದುರುತ್ತದೆ, ಅವರು ನಿಮಗಾಗಿ ಕಾಯುತ್ತಾರೆ, ನೀವು ಅವರಿಗಾಗಿ, ಹಾಡು ಆಮೆ ಆಗುತ್ತದೆ. ನಿಮ್ಮ ಕಡೆ ಮ್ಯೂಟ್ ಮಾಡಿ, ಅವರದ್ದು ಕೇಳುತ್ತಾ ನೀವು ಜೋರಾಗಿ ಹೇಳಿ. ಅವರಿಗೆ ಕೇಳಿಸುವುದಿಲ್ಲ ಅನ್ನುವುದು ಬೇಸರವೇ. ವಾರ ವಾರ ಇದನ್ನೇ ಮಾಡಿದರೆ ಮತ್ತೆ ದರ್ಶನದ ಕ್ಯೂನಲ್ಲೇ ನಿಂತ ಹಾಗಾಗುತ್ತದೆ.

ನನಗೆ ಇದರ ಪೂರ್ತಿ ರುಚಿ ಸಿಕ್ಕಿದ್ದು 2025ರಲ್ಲಿ. ಕಾಸರಗೋಡು ಹತ್ತಿರದ ಮಧೂರು ದೇವಸ್ಥಾನದಲ್ಲಿ ಬ್ರಹ್ಮಕಲಶ, ಮೂಡಪ್ಪ ಸೇವೆ. ಅದರ ಹಿಂದಿನ ಮೂಡಪ್ಪ ಆದದ್ದು 1992ರಲ್ಲಿ, ನಾನು ತೊಟ್ಟಿಲಲ್ಲಿದ್ದೆ. ಗಣಪತಿಯನ್ನು ಅಪ್ಪದಿಂದ ಮುಚ್ಚುವ ಆ ಸೇವೆಯನ್ನು ಅಮ್ಮ ಅಜ್ಜಿ ಹೇಳುವುದನ್ನು ಕೇಳುತ್ತಲೇ ಬೆಳೆದವನು. ಮಾರ್ಚ್ 27ರಿಂದ ಏಪ್ರಿಲ್ 7ರವರೆಗೆ. ಮಾರ್ಚ್ ಕೊನೆ ಅಂದರೆ ಸ್ಟೋರ್ಸ್‌ನವನಿಗೆ ಸ್ಟಾಕ್ ಲೆಕ್ಕದ ಕಾಲ, ರಜೆ ಕೇಳಿದ್ದಕ್ಕೆ ನಮ್ಮ ಮ್ಯಾನೇಜರ್ ತಲೆ ಎತ್ತಲೂ ಇಲ್ಲ. ಏಪ್ರಿಲ್‌ನಲ್ಲಾದರೂ ಕೊಡುತ್ತಾರೆ ಅಂದುಕೊಂಡೆ, ಲೆಕ್ಕ ತಾಳೆ ಆಗಲಿಲ್ಲ, ಅದೂ ಹೋಯಿತು. ಕ್ಯಾಂಟೀನಿನಲ್ಲಿ ಮೊಸರನ್ನದ ಮುಂದೆ ಮೊಬೈಲ್ ನಿಲ್ಲಿಸಿ ನೋಡಿದೆ. ಜನಸಾಗರದಲ್ಲಿ ನಮ್ಮ ಮಂದಿರದ ಹುಡುಗರು ಸ್ವಯಂಸೇವಕರ ಶಾಲು ಹಾಕಿ ನೀರು ಹಂಚುವುದು ಕಂಡಿತು. ಅನ್ನ ಇಳಿಯಲಿಲ್ಲ.

ಆದ್ದರಿಂದ ರಜೆಯ ಬಗ್ಗೆ. ವರ್ಷಕ್ಕೆ ಒಂದೇ ಸಲ ಹೋಗಲು ಆಗುವುದಾದರೆ ಉತ್ಸವದ ದಿನಕ್ಕಲ್ಲ, ಹಿಂದಿನ ದಿನಕ್ಕೆ ಹೋಗಿ. ಹೊರೆಕಾಣಿಕೆ ಬರುವ ದಿನ, ರಾತ್ರಿ ಮಜ್ಜಿಗೆ ಹುಳಿಯಂಥ ಮೇಲಾರಕ್ಕೆ ಕೊರೆಯಲು ಐವತ್ತು ಜನ ಸೌತೆಕಾಯಿ ರಾಶಿಯ ಸುತ್ತ ಕೂರುವ ದಿನ. ಉತ್ಸವದ ದಿನ ನೀವು ನೆಂಟರು, ಹಿಂದಿನ ರಾತ್ರಿ ಮನೆಯವರು. ಹತ್ತನಾವಧಿ, ಅಂದರೆ ಪತ್ತನಾಜೆ, ಮೇ 24ರ ಸುಮಾರಿಗೆ ಬರುತ್ತದೆ. ಅಲ್ಲಿಗೆ ದೈವದ ನೇಮ, ಜಾತ್ರೆ, ಯಕ್ಷಗಾನ ಮೇಳದ ತಿರುಗಾಟ ಎಲ್ಲ ನಿಲ್ಲುತ್ತದೆ, ಮತ್ತೆ ಕಳೆ ಏರುವುದು ಮಳೆಗಾಲ ಕಳೆದ ಮೇಲೆ. ಜೂನ್‌ನಲ್ಲಿ ರಜೆ ಹಾಕಿ ಹೋಗಿ "ಊರಿನಲ್ಲಿ ಏನೂ ಇಲ್ಲ" ಅಂತ ಬರಬೇಡಿ. ಬೆಂಗಳೂರಿನಿಂದ ಮಂಗಳೂರು ದಾಟಿ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ, ಹಬ್ಬದ ಟಿಕೆಟ್ ಬೇಗ ಮುಗಿಯುತ್ತದೆ.

ನಾನು ಹೋದ ವರ್ಷ ಡಿಸೆಂಬರಿನಲ್ಲಿ ಹೋಗಿದ್ದೆ. ಶನಿವಾರ ಸಿಕ್ಕಿತು. ಮಂದಿರಕ್ಕೆ ಟೈಲ್ಸ್ ಹಾಕಿದ್ದಾರೆ, ತಾಳದ ಡಬ್ಬಿ ಮಾತ್ರ ಅದೇ. ಮಂಗಳಕ್ಕೆ ಮೊದಲು ಅಭ್ಯಾಸ ಬಲದಿಂದ ಎದ್ದು ಹಿಂದಿನ ಬಾಗಿಲಿಗೆ ಹೋದೆ. ಅಲ್ಲಿ ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗ ಬಾಳೆಲೆ ಹರಿಯುತ್ತಾ ಕೂತಿದ್ದ. ನನ್ನ ಗುರುತಿಲ್ಲ ಅವನಿಗೆ. ಪಕ್ಕದಲ್ಲಿ ಕೂತು ನಾನೂ ಒಂದೆಲೆ ತೆಗೆದುಕೊಂಡೆ. ಎರಡು ತುಂಡು ಮಾಡುವುದರೊಳಗೆ ಅವನು ನನ್ನ ಕೈ ನೋಡಿದ.

"ಅಣ್ಣಾ, ಅಷ್ಟು ದೊಡ್ಡದು ಬೇಡ. ಎಲೆ ಸಾಕಾಗ್ಲಿಕ್ಕಿಲ್ಲ."